ನೀರಿಗೆ ಕಾನೂನು ಗೊತ್ತೇ?

ಮಕ್ಕಳೇ, ‘ಕಾನೂನಿನ ಮುಂದೆ ಎಲ್ಲರೂ ಸಮಾನರು’ ಎಂದು ಶಾಲೆಯಲ್ಲಿ ಓದಿರುತ್ತೀರಿ. ಪರೀಕ್ಷೆಯಲ್ಲಿ ಹಾಗೆ ಬರೆದರೆ ಅಂಕವೂ ಸಿಗುತ್ತದೆ. ಆದರೆ ವಿಜ್ಞಾನ ಕಲಿಯುವವರು ಯಾವ ಮಾತನ್ನೂ ಕೇಳಿದ ಕೂಡಲೇ ಒಪ್ಪುವುದಿಲ್ಲ, ಅಳೆದು ನೋಡುತ್ತಾರೆ. ಈ ಮಾತನ್ನೂ ಅಳೆದು ನೋಡೋಣ ಬನ್ನಿ. ಅದಕ್ಕೆ ರಾಯಚೂರು ಜಿಲ್ಲೆಯ ಮಸ್ಕಿ, ಸಿಂಧನೂರು, ಲಿಂಗಸುಗೂರು ತಾಲ್ಲೂಕುಗಳೇ ನಮ್ಮ ಪ್ರಯೋಗಾಲಯ.

ಮೊದಲು ಮಸ್ಕಿಗೆ ಹೋಗೋಣ. 1915ರಲ್ಲಿ ಬೀಡನ್ ಎಂಬ ಎಂಜಿನಿಯರ್ ಚಿನ್ನದ ನಿಕ್ಷೇಪ ಹುಡುಕುತ್ತ ಇಲ್ಲಿನ ಗುಡ್ಡ ಹತ್ತಿದ್ದರು. ಅಲ್ಲಿ ಅವರಿಗೆ ಅಕ್ಷರ ಕೊರೆದ ಬಂಡೆಯೊಂದು ಕಂಡಿತು. ಅದು ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆಯ ಶಾಸನ. ಸುಮಾರು 2,200 ವರ್ಷ ಹಳೆಯದು. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ‘ದೇವರಿಗೆ ಪ್ರಿಯನಾದ ರಾಜ’ ಎಂದಷ್ಟೇ ಇರುತ್ತಿದ್ದುದರಿಂದ ಆ ರಾಜ ಯಾರೆಂಬ ಅನುಮಾನ ಉಳಿದಿತ್ತು. ಮಸ್ಕಿಯ ಬಂಡೆಯಲ್ಲಿ ಅಶೋಕನ ಹೆಸರೇ ಇತ್ತು, ಅನುಮಾನ ತೀರಿತು. ಈ ಶಾಸನದ ಇನ್ನೊಂದು ಮಾತನ್ನು ಮಾತ್ರ ಹೆಚ್ಚಿನವರು ಗಮನಿಸುವುದಿಲ್ಲ. ಧರ್ಮದಿಂದ ನಡೆದರೆ ಸಿಗುವ ಫಲ ದೊಡ್ಡವರಿಗಷ್ಟೇ ಮೀಸಲಲ್ಲ, ಸಣ್ಣವರಿಗೂ ಸಿಗುತ್ತದೆ ಎಂದು ಅಶೋಕ ಅಲ್ಲಿ ಹೇಳಿದ್ದಾನೆ. ಈಗ ದೆಹಲಿಯಲ್ಲಿರುವ ಅವನ ಸ್ತಂಭಶಾಸನವೊಂದು ಇನ್ನೂ ಮುಂದೆ ಹೋಗಿ, ವಿಚಾರಣೆಯಲ್ಲೂ ಶಿಕ್ಷೆಯಲ್ಲೂ ಸಮತೆ ಇರಬೇಕು ಎನ್ನುತ್ತದೆ.

ಅಶೋಕನದು ರಾಜನ ಮಾತು. ಇಂದು ನಮಗೆ ಸಂವಿಧಾನವಿದೆ. 1950ರ ಜನವರಿ 26ರಂದು ಜಾರಿಗೆ ಬಂದ ಅದರ 14ನೇ ವಿಧಿ ಎರಡು ಮಾತು ಕೊಡುತ್ತದೆ. ಕಾನೂನಿನ ಮುಂದೆ ಎಲ್ಲರೂ ಸಮಾನರು ಎಂಬುದು ಒಂದು. ಕಾನೂನಿನ ರಕ್ಷಣೆ ಎಲ್ಲರಿಗೂ ಸಮಾನವಾಗಿ ಸಿಗಬೇಕು ಎಂಬುದು ಇನ್ನೊಂದು. ಜಾತಿ, ಧರ್ಮ, ಲಿಂಗ, ಹುಟ್ಟಿದ ಊರು ಇವುಗಳ ಕಾರಣಕ್ಕೆ ಸರ್ಕಾರ ಭೇದ ಮಾಡಬಾರದೆಂದು 15ನೇ ವಿಧಿ ಹೇಳಿದರೆ, 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡುತ್ತದೆ. ಜೀವವಿಜ್ಞಾನವೂ ಈ ಸಮಾನತೆಯ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಯಾವ ಇಬ್ಬರ ಡಿಎನ್‌ಎಯನ್ನು ಹೋಲಿಸಿದರೂ ಸಾವಿರ ಅಕ್ಷರಗಳಲ್ಲಿ ಸುಮಾರು 999 ಒಂದೇ ಆಗಿರುತ್ತವೆ. ಮೇಲು ಕೀಳು ಎಂದು ಗುರುತಿಸುವ ಅಕ್ಷರ ಅದರಲ್ಲಿ ಎಲ್ಲೂ ಇಲ್ಲ.

ಬರಹದಲ್ಲಿ ಸಮಾನತೆ ಇದೆ ಎಂದಾಯಿತು. ಅದು ಜನರನ್ನು ಮುಟ್ಟುತ್ತದೆಯೇ? ಇದನ್ನು ಅಳೆಯಲು ಸಿಂಧನೂರಿನ ಕಾಲುವೆಯ ಬಳಿ ಹೋಗೋಣ.

ಹೊಸಪೇಟೆಯ ತುಂಗಭದ್ರಾ ಜಲಾಶಯದಿಂದ ಹೊರಡುವ ಎಡದಂಡೆ ಮುಖ್ಯ ಕಾಲುವೆಯ ಉದ್ದ ಸುಮಾರು 226 ಕಿಲೋಮೀಟರ್. ಗಂಗಾವತಿ, ಸಿಂಧನೂರು, ಮಾನ್ವಿ ದಾಟಿ ಅದು ರಾಯಚೂರಿನ ಕಡೆ ಸಾಗುತ್ತದೆ. ಈ ಕಾಲುವೆಯಡಿ ಹೆಚ್ಚಿನ ಭೂಮಿಗೆ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳನ್ನೇ ಗೊತ್ತುಮಾಡಲಾಗಿತ್ತು. ಆದರೆ ಮೇಲ್ಭಾಗದಲ್ಲಿ ಭತ್ತ ಹರಡಿತು. ಭತ್ತದ ಗದ್ದೆಯಲ್ಲಿ ನೀರು ನಿಲ್ಲಿಸಬೇಕು. ಜೋಳಕ್ಕೆ ಅದರ ಅರ್ಧದಷ್ಟು ನೀರು ಸಾಕು.

ಈಗ ಒಂದು ಲೆಕ್ಕ ಮಾಡಿ. ಕಾಲುವೆಯಲ್ಲಿ 100 ಪಾಲು ನೀರಿದೆ, ಹತ್ತು ತೂಬುಗಳಿವೆ, ಒಂದೊಂದಕ್ಕೂ 10 ಪಾಲು ಎಂದು ನಿಯಮವಿದೆ ಎಂದುಕೊಳ್ಳಿ. ಮೊದಲ ಐದು ತೂಬಿನವರು 15 ಪಾಲಿನಂತೆ ಎಳೆದುಕೊಂಡರೆ 75 ಪಾಲು ಅಲ್ಲಿಯೇ ಖಾಲಿ. ಉಳಿದ 25ನ್ನು ಕೊನೆಯ ಐವರು ಹಂಚಿಕೊಂಡರೆ ಒಬ್ಬರಿಗೆ 5 ಪಾಲು, ಅಂದರೆ ಅರ್ಧ ಮಾತ್ರ. ಬಿಸಿಲಿಗೆ ಆವಿಯಾಗುವ ನೀರು, ತಳದಲ್ಲಿ ಬಸಿಯುವ ನೀರು ಕಳೆದರೆ ಅಷ್ಟೂ ಉಳಿಯದು.

ಇದರ ಜೊತೆಗೆ ಇನ್ನೊಂದು ತೊಂದರೆ ಇದೆ. ಅದನ್ನು ಮನೆಯಲ್ಲೇ ನೋಡಬಹುದು. ಪ್ಲಾಸ್ಟಿಕ್ ಬಾಟಲಿಯ ಬುಡದ ಹತ್ತಿರ ದೊಡ್ಡವರಿಂದ ಸಣ್ಣ ತೂತು ಮಾಡಿಸಿ, ಬಾಟಲಿಗೆ ನೀರು ತುಂಬಿ, ಮುಚ್ಚಳ ತೆಗೆದಿಡಿ. ಮೊದಲು ನೀರು ದೂರಕ್ಕೆ ಚಿಮ್ಮುತ್ತದೆ, ಮಟ್ಟ ಇಳಿದಂತೆ ಹತ್ತಿರ ಹತ್ತಿರ ಬೀಳುತ್ತದೆ. ತೂತಿನ ಮೇಲಿನ ನೀರಿನ ಎತ್ತರ ಕಾಲು ಭಾಗಕ್ಕೆ ಇಳಿದರೆ ನೀರು ಹೊರಬರುವ ವೇಗ ಅರ್ಧವಾಗುತ್ತದೆ. 17ನೇ ಶತಮಾನದಲ್ಲಿ ಇಟಲಿಯ ಟೊರಿಚೆಲ್ಲಿ ಈ ನಿಯಮ ಕಂಡುಕೊಂಡರು. ಕಾಲುವೆಯ ತೂಬಿನದೂ ಇದೇ ಕಥೆ. ಕೊನೆಭಾಗದಲ್ಲಿ ನೀರಿನ ಮಟ್ಟ ಇಳಿದಾಗ ಅಷ್ಟೇ ದೊಡ್ಡ ತೂಬು ಅಷ್ಟೇ ಹೊತ್ತು ತೆರೆದಿದ್ದರೂ ಅಷ್ಟೇ ನೀರು ಬರುವುದಿಲ್ಲ. ನೀರು ಇಳಿಜಾರನ್ನೂ ಒತ್ತಡವನ್ನೂ ಅನುಸರಿಸಿ ಹರಿಯುತ್ತದೆ. ಯಾರ ಹಕ್ಕು ಎಷ್ಟೆಂದು ಅದಕ್ಕೆ ತಿಳಿಯದು.

ಆದ್ದರಿಂದ ಕೊನೆಭಾಗದ ರೈತರಿಗೆ ‘ನಿಮಗೂ ಅದೇ ಕಾನೂನು’ ಎಂದು ಹೇಳಿದರೆ ಹೊಲ ನೆನೆಯದು. ಕಾಲುವೆಯಲ್ಲಿ ಗೇಜ್ ನೋಡಿ ಮಟ್ಟ ಕಾಯಬೇಕು, ಪಾಳಿಯ ಪ್ರಕಾರ ನೀರು ಬಿಡಬೇಕು, ಮೇಲಿನ ಅಕ್ರಮ ಪೈಪುಗಳನ್ನು ತೆಗೆಸಬೇಕು. ಕೆಲವೊಮ್ಮೆ ಮೇಲಿನ ತೂಬು ಮುಚ್ಚಿ ಕೆಳಗಿನದನ್ನು ಹೆಚ್ಚು ಹೊತ್ತು ತೆರೆದಿಡಬೇಕು. ಪಾಲು ಸಮನಾಗಲು ಹೊತ್ತು ಹೆಚ್ಚುಕಡಿಮೆ ಆಗಲೇಬೇಕು.

ಮನುಷ್ಯರ ವಿಷಯದಲ್ಲೂ ಇಂಥ ಅಳತೆ ನಡೆದಿದೆ. ಅರ್ಥಶಾಸ್ತ್ರಜ್ಞ ಡಿ.ಎಂ. ನಂಜುಂಡಪ್ಪ ಅವರ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಕೃಷಿ, ಶಿಕ್ಷಣ, ಆರೋಗ್ಯ ಮುಂತಾದ 35 ಸೂಚಕಗಳನ್ನು ಹಿಡಿದು, ರಾಜ್ಯದ ಸರಾಸರಿಯನ್ನು 1 ಎಂದು ಇಟ್ಟುಕೊಂಡು, ಆಗಿನ 175 ತಾಲ್ಲೂಕುಗಳನ್ನು ಅಳೆಯಿತು. 114 ತಾಲ್ಲೂಕುಗಳು 1ಕ್ಕಿಂತ ಕೆಳಗಿದ್ದವು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಸಿಂಧನೂರು, ಲಿಂಗಸುಗೂರು ಆ ಪಟ್ಟಿಯಲ್ಲಿದ್ದವು. ಮಸ್ಕಿ ಆಗಿನ್ನೂ ತಾಲ್ಲೂಕೇ ಆಗಿರಲಿಲ್ಲ. ಕಾನೂನು ಎಲ್ಲ ಕಡೆ ಒಂದೇ ಇದ್ದರೂ ಶಾಲೆ, ಆಸ್ಪತ್ರೆ ಒಂದೇ ಸಮ ಇರಲಿಲ್ಲ ಎಂಬುದು ಅಂಕಿಗಳಲ್ಲೇ ಕಂಡಿತು. ಮುಂದೆ ಸಂವಿಧಾನದ 98ನೇ ತಿದ್ದುಪಡಿಯಿಂದ 371ಜೆ ವಿಧಿ ಸೇರಿತು. ಈಗ ಕಲ್ಯಾಣ ಕರ್ನಾಟಕ ಎನ್ನುವ ಈ ಭಾಗದ ಜನರಿಗೆ ಓದಿನಲ್ಲೂ ಉದ್ಯೋಗದಲ್ಲೂ ಸ್ಥಳೀಯ ಮೀಸಲಾತಿ ಬಂತು.

‘ಒಬ್ಬರಿಗೆ ಹೆಚ್ಚು ಕೊಟ್ಟರೆ ಅದು ಸಮಾನತೆಯೇ?’ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ನ್ಯಾಯಾಲಯಗಳೂ ಇದನ್ನೇ ಕೇಳುತ್ತವೆ. ಬೀಜ ಮೊಳೆಯುವ ಪ್ರಯೋಗದಲ್ಲಿ ನೀರು, ಬೆಳಕು, ಮಣ್ಣಿನ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯುತ್ತೇವೆ. ಕುಂಡ ಯಾರ ಮನೆಯದು ಎಂದು ಬರೆದುಕೊಳ್ಳುವುದಿಲ್ಲ. ಮೊಳಕೆಗೂ ಅದಕ್ಕೂ ಸಂಬಂಧವಿಲ್ಲ. ಕಾನೂನು ಜನರನ್ನು ಗುಂಪು ಮಾಡಿದಾಗಲೂ ಪರೀಕ್ಷೆ ಹೀಗೆಯೇ. ಆ ವ್ಯತ್ಯಾಸ ನಿಜವಾದದ್ದೇ? ಕಾನೂನಿನ ಗುರಿಗೂ ಅದಕ್ಕೂ ಸಂಬಂಧವಿದೆಯೇ? ಎರಡಕ್ಕೂ ‘ಹೌದು’ ಎಂಬ ಉತ್ತರ ಬರಬೇಕು.

ಈ ಪ್ರಶ್ನೆಗಳನ್ನು ಹಿಡಿದು ಲಿಂಗಸುಗೂರು ತಾಲ್ಲೂಕಿನ ಹಟ್ಟಿಗೆ ಬನ್ನಿ. ಅಲ್ಲಿ ನೆಲದೊಳಗೆ ಆಳಕ್ಕೆ ಇಳಿದು ಚಿನ್ನದ ಅದಿರು ತೆಗೆಯುತ್ತಾರೆ. 1952ರ ಗಣಿ ಕಾಯ್ದೆ ಮಹಿಳೆಯರು ನೆಲದಡಿಯ ಗಣಿಯಲ್ಲಿ ಕೆಲಸ ಮಾಡುವುದನ್ನು ನಿಷೇಧಿಸಿತ್ತು. ಗಣಿಶಾಸ್ತ್ರ ಓದಿದ ಹೆಣ್ಣುಮಕ್ಕಳು ‘ಏಕೆ?’ ಎಂದು ಕೇಳತೊಡಗಿದರು. ಬಂಡೆಯ ಭಾರವಾಗಲಿ ಗಾಳಿಯ ಕೊರತೆಯಾಗಲಿ ಗಂಡು ಹೆಣ್ಣು ನೋಡಿ ಬರುವುದಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ನಿಯಮ ಸಡಿಲಿಸಿ, ಲಿಖಿತ ಒಪ್ಪಿಗೆ ಕೊಟ್ಟ ಮಹಿಳೆಯರು ಹಗಲಿನಲ್ಲಿ ತಾಂತ್ರಿಕ ಹಾಗೂ ಮೇಲ್ವಿಚಾರಣೆಯ ಕೆಲಸಕ್ಕಾಗಿ ಗಣಿಯೊಳಗೆ ಇಳಿಯಲು ಅವಕಾಶ ಕೊಟ್ಟಿತು. ಅಂದರೆ ಕಾನೂನನ್ನೂ ವಿಜ್ಞಾನದ ಹಾಗೆ ಮತ್ತೆ ಮತ್ತೆ ಪರೀಕ್ಷಿಸಬೇಕು, ತಪ್ಪು ಕಂಡರೆ ತಿದ್ದಬೇಕು.

ನ್ಯಾಯ ಕೇಳಲು ಹೋಗಬೇಕಾದ ದೂರವನ್ನೂ ಅಳೆಯಬಹುದು. ಒಂದು ಕಾಲಕ್ಕೆ ಸಿಂಧನೂರಿನವರು ಹೈಕೋರ್ಟಿಗೆ ಸುಮಾರು 400 ಕಿಲೋಮೀಟರ್ ದೂರದ ಬೆಂಗಳೂರಿಗೇ ಹೋಗಬೇಕಿತ್ತು. 2008ರಲ್ಲಿ ಕಲಬುರಗಿಯಲ್ಲಿ ಸಂಚಾರಿ ಪೀಠ ಶುರುವಾಯಿತು, 2013ರಲ್ಲಿ ಅದು ಕಾಯಂ ಆಯಿತು. ಬಸ್ಸಿನ ಖರ್ಚು ಕಡಿಮೆಯಾದದ್ದೂ ಸಮಾನತೆಯ ಲೆಕ್ಕಕ್ಕೇ ಸೇರುತ್ತದೆ.

ಹಾಗಾದರೆ ನಮ್ಮ ಪರೀಕ್ಷೆಯ ಫಲಿತಾಂಶವೇನು? ಬರಹದಲ್ಲಿ ಎಲ್ಲರೂ ಸಮಾನರು. ಬದುಕಿನಲ್ಲಿ ಆ ಸಮಾನತೆ ಕೆಲವರಿಗೆ ಪೂರ್ತಿ, ಕೆಲವರಿಗೆ ಅರ್ಧ ತಲುಪಿದೆ. ಕೆಲವರಿಗೆ ಇನ್ನೂ ತಲುಪಿಲ್ಲ. ಅದು ತಾನಾಗಿ ಹರಿದು ಬರುವುದಿಲ್ಲ, ಯಾರಾದರೂ ಅಳೆದು ಕೇಳಬೇಕು.

ಕೇಳುವುದಕ್ಕೆ ದಾರಿಯೂ ಇದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಕ್ಕಳು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರಿಗೆ ಸರ್ಕಾರದ ಖರ್ಚಿನಲ್ಲೇ ವಕೀಲರ ನೆರವು ಸಿಗುತ್ತದೆ. ಅದಕ್ಕಾಗಿ ಕರೆ ಮಾಡಬೇಕಾದ ಸಂಖ್ಯೆ 15100. ಈ ಸಂಖ್ಯೆಯನ್ನು ಮನೆಯವರಿಗೂ ನೆರೆಹೊರೆಯವರಿಗೂ ಹೇಳಿ, ನೀವೂ ನೆನಪಿಟ್ಟುಕೊಳ್ಳಿ.