ಚೀಲದ ಮೇಲಿನ ಹೆಸರು ಯಾರದು?
(ಗೋವಿನಕೋವಿಯಲ್ಲಿ ಆಡಿದ ಮಾತು)



ಬೆಲೆಯ ಮಾತು ಬಂದರೆ ನಾವು ಮಂಡಿ, ದಲ್ಲಾಳಿ, ಬಡ್ಡಿ ಇಷ್ಟರಲ್ಲೇ ನಿಲ್ತೀವಿ. ಭತ್ತ ನಿಮ್ಮದು, ಬೆವರು ನಿಮ್ಮದು; ಅಕ್ಕಿ ಚೀಲದ ಮೇಲಿನ ಹೆಸರು ಮಾತ್ರ ಮಿಲ್ಲಿನವನದು. ಪೇಟೆಯ ಗಿರಾಕಿ ಕೇಳೋದು ಆ ಹೆಸರನ್ನೇ.

ನಾಲ್ಕು ಜನ ಸೇರಿ ಅಕ್ಕಿಯನ್ನೋ ಬೆಲ್ಲವನ್ನೋ ಸ್ವಂತ ಹೆಸರಲ್ಲಿ ಮಾರಲು ಹೊರಟರೆ, ಮೊದಲು ನಂದಿನಿ ಮೊಕದ್ದಮೆ ತಿಳಿದಿರಲಿ. ನಮ್ಮ ಹಾಲು ಮಹಾಮಂಡಳಿ ಆ ಹೆಸರು ಹಿಡಿದದ್ದು 1985ರಲ್ಲಿ. 1989ರಿಂದ ‘ನಂದಿನಿ ಡಿಲಕ್ಸ್’ ಎಂಬ ಹೋಟೆಲೂ ನಡೆಯಿತು. ಹೋಟೆಲಿನವರು ಹೆಸರು ನೋಂದಾಯಿಸಲು ಹೋದಾಗ ಮಹಾಮಂಡಳಿ ತಕರಾರು ತೆಗೆಯಿತು. ಹೈಕೋರ್ಟಿನಲ್ಲಿ ಗೆದ್ದದ್ದು ಮಹಾಮಂಡಳಿ; 2018ರ ಜುಲೈನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದದ್ದು ಹೋಟೆಲು. ಯಾಕೆ? ನಂದಿನಿ ಪುರಾಣದ ಹಸುವಿನ ಹೆಸರು, ಯಾರೂ ಹೊಸದಾಗಿ ಕಟ್ಟಿದ ಪದವಲ್ಲ. ಹಾಲು ಬೇರೆ, ಹೋಟೆಲಿನ ಊಟ ಬೇರೆ. ಹಾಲಿನ ಪದಾರ್ಥಕ್ಕೆ ಮಾತ್ರ ಹೋಟೆಲಿಗೆ ನೋಂದಣಿ ಸಿಗಲಿಲ್ಲ.

ಅಷ್ಟು ದೊಡ್ಡ ಮಹಾಮಂಡಳಿಯ ಪಾಡೇ ಹೀಗೆ. ನಾವೋ, ದೇವರ ಹೆಸರು ಇಲ್ಲವೇ ಊರ ಹೆಸರು ಇಡೋರು. ಭಕ್ತಿಗೆ ಸರಿ, ಕೋರ್ಟಿಗೆ ಸಾಲದು. ‘ಹೊನ್ನಾಳಿ ಅಕ್ಕಿ’ ಅಂದರೆ ಊರೂ ಸರಕೂ ಹೇಳಿದಂತಾಯಿತೇ ಹೊರತು ಗುರುತು ಹೇಳಿದಂತಾಗಲಿಲ್ಲ; ಅದನ್ನು ಒಬ್ಬರ ಸ್ವತ್ತೆಂದು ಕಾನೂನು ಸುಲಭಕ್ಕೆ ಒಪ್ಪೋದಿಲ್ಲ. ಬೇರೆ ಯಾರೂ ಬಳಸದ ಪದ ಹುಡುಕಿ, 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಡಿ ಅರ್ಜಿ ಹಾಕಿ. ವ್ಯಕ್ತಿಯ ಹೆಸರಲ್ಲಿ ಆನ್‌ಲೈನ್ ಅರ್ಜಿಗೆ ಒಂದು ವರ್ಗಕ್ಕೆ 4,500 ರೂಪಾಯಿ. 10 ವರ್ಷಕ್ಕೊಮ್ಮೆ ನವೀಕರಣ.

ನೋಂದಣಿ ಆಗದಿದ್ದರೂ ಮೊದಲು ಬಳಸಿದವನಿಗೆ ಹಕ್ಕುಂಟು, ಆದರೆ ಕೋರ್ಟು ರುಜುವಾತು ಕೇಳುತ್ತೆ. ಮೊದಲ ಚೀಲ ಮಾರಿದ ದಿನದ ಬಿಲ್ಲು, ಚೀಲ ಅಚ್ಚು ಹಾಕಿಸಿದ ರಶೀದಿ, ಎರಡನ್ನೂ ಸಾಲದ ಪತ್ರಗಳ ಜೊತೆಗೇ ಪೆಟ್ಟಿಗೆಯಲ್ಲಿಡಿ.