ಕುಟುಂಬದ ಆಯವ್ಯಯ ಮತ್ತು ಪರಸ್ಪರ ನೆರವು

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ಕುಟುಂಬ ಸಮಾವೇಶದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಶತಮಾನೋತ್ಸವದ ಈ ಸಂಭ್ರಮದ ನಡುವೆ ಸಾಲದ ಮಾತು, ಲೆಕ್ಕದ ಮಾತು ಏಕೆ ಎಂದು ತಮ್ಮಲ್ಲಿ ಕೆಲವರಿಗೆ ಅನಿಸಬಹುದು. ಆದರೆ ಕಳೆದ ಎರಡು ತಿಂಗಳಲ್ಲಿ ಮನೆಗಳ ಭೇಟಿಗೆ ಹೋದಾಗ ನಮಗೆ ತಿಳಿದುಬಂದ ಸಂಗತಿಯೊಂದಿದೆ. ಹಬ್ಬಕ್ಕೆ ಬರುವ ನೆಂಟರ ಸತ್ಕಾರಕ್ಕೆಂದು, ಮಕ್ಕಳ ಹೊಸ ಬಟ್ಟೆಗೆಂದು ಹಲವು ಮನೆಗಳವರು ಈಗಾಗಲೇ ಬಡ್ಡಿಗೆ ಹಣ ತಂದಿದ್ದಾರೆ. ದೇವಾಲಯದ ನೂರು ವರ್ಷದ ನೆನಪಿಗಾಗಿ ಭಕ್ತರ ಮನೆ ಸಾಲಕ್ಕೆ ಬೀಳುವುದಾದರೆ ಅಂಥ ಉತ್ಸವದ ಭಾರವನ್ನು ಹೊರಲು ನಮ್ಮ ಮನಸ್ಸು ಒಪ್ಪದು. ಆದ್ದರಿಂದಲೇ ಈ ವಿಷಯವನ್ನು ಆರಿಸಿಕೊಂಡಿದ್ದೇವೆ.

ಮೊದಲು ನಮ್ಮದೇ ಒಂದು ತಪ್ಪನ್ನು ಹೇಳುತ್ತೇವೆ. ಗುರುಪಟ್ಟ ಪಡೆದ ಹೊಸತರಲ್ಲಿ, ಈ ಜಿಲ್ಲೆಯ ಮತ್ತೊಂದು ಊರಿನಲ್ಲಿ ಸೇವೆಯಲ್ಲಿದ್ದಾಗ, ತಪಸ್ಸುಕಾಲದ ಒಂದು ಭಾನುವಾರ ಮಿತವ್ಯಯದ ಬಗ್ಗೆ ದೀರ್ಘವಾಗಿ ಪ್ರಬೋಧಿಸಿದೆವು. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆಂದು ಹೇಳಿದ್ದೂ ಉಂಟು. ಪೂಜೆ ಮುಗಿದ ಮೇಲೆ ಒಬ್ಬ ತಾಯಿ ಕಿರಾಣಿ ಅಂಗಡಿಯ ಉದ್ರಿ ಪುಸ್ತಕವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದು ನಮ್ಮ ಕೈಗಿತ್ತರು. ಅವರಿಗೆ ಓದು ಬಾರದು. ಚಹಾಪುಡಿ, ಸಕ್ಕರೆ, ಉಪ್ಪು, ಒಳ್ಳೆಣ್ಣೆ, ಸಾಬೂನು, ಸೀಮೆಎಣ್ಣೆ, ಮತ್ತೆ ಚಹಾಪುಡಿ. ಎರಡು ಪುಟ ಓದಿ ಹೇಳಿದೆವು. "ಫಾದರ್, ಇದರಾಗ ಯಾವ್ದು ಬಿಡ್ಬೇಕು, ನೀವೇ ಹೇಳ್ರಿ" ಎಂದರು. ನಮ್ಮ ಬಳಿ ಉತ್ತರವಿರಲಿಲ್ಲ.

ಆ ಮನೆಯ ನಿಜವಾದ ಸೋರಿಕೆ ಆ ಪುಸ್ತಕದಲ್ಲಿ ಇರಲೇ ಇಲ್ಲ. ಮನೆಯ ಯಜಮಾನರು ತಂಗಿಯ ಲಗ್ನಕ್ಕಾಗಿ ನೂರಕ್ಕೆ ತಿಂಗಳಿಗೆ ಮೂರರ ಬಡ್ಡಿಯಂತೆ ಸಾಲ ತಂದಿದ್ದರು. ಮರ್ಯಾದೆಗೆ ಅಂಜಿ ಹೆಂಡತಿಗೆ ಹೇಳಿರಲಿಲ್ಲ. ಇತ್ತ ಆಕೆ ಚಹಾದಲ್ಲಿ ಸಕ್ಕರೆ ಕಡಿಮೆ ಮಾಡಿ ಹತ್ತು ರೂಪಾಯಿ ಉಳಿಸುವಷ್ಟರಲ್ಲಿ ಅತ್ತ ಬಡ್ಡಿ ನೂರಾರು ರೂಪಾಯಿಗಳನ್ನು ಒಯ್ಯುತ್ತಿತ್ತು. ಈಗಿನ ಹಣದಲ್ಲಿ ಲೆಕ್ಕ ಹಾಕಿ ನೋಡಿರಿ. 50,000 ರೂಪಾಯಿಗೆ ನೂರಕ್ಕೆ ಮೂರರಂತೆ ತಿಂಗಳಿಗೆ 1,500 ರೂಪಾಯಿ. ಎರಡು ವರ್ಷಕ್ಕೆ 36,000. ಅಸಲು ಮಾತ್ರ ಇದ್ದಲ್ಲೇ ಇರುತ್ತದೆ. ಇಂಥ ಮನೆಯಲ್ಲಿ ಹೆಂಗಸರಿಗೆ ಮಿತವ್ಯಯ ಬೋಧಿಸುವುದು ಗಾಯಕ್ಕೆ ಉಪ್ಪು ಸವರಿದಂತೆ. ಗಂಡ ಹೆಂಡಿರಿಬ್ಬರೂ ಒಟ್ಟಿಗೆ ಕುಳಿತು, ಯಾರಿಗೆ ಎಷ್ಟು ಕೊಡಬೇಕಾಗಿದೆ ಎಂಬುದನ್ನು ಮೊದಲು ಬರೆದಿಡದೆ ಆಯವ್ಯಯದ ಮಾತೇ ಇಲ್ಲ. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುವನೆಂದು ಯೇಸುಸ್ವಾಮಿ ಹೇಳಿದ್ದನ್ನು ಸಂತ ಲೂಕರ ಶುಭಸಂದೇಶದಲ್ಲಿ ತಾವು ಕೇಳಿದ್ದೀರಿ. ಕುಳಿತುಕೊಳ್ಳುವುದೇ ನಮ್ಮ ಗಂಡಸರಿಗೆ ಕಷ್ಟವಾಗಿದೆ.

ಇನ್ನು ನಮ್ಮ ಸೀಮೆಯ ವಿಶೇಷವನ್ನು ನೋಡೋಣ. ಪೇಟೆಯ ನೌಕರನಿಗೆ ತಿಂಗಳಿಗೊಮ್ಮೆ ಸಂಬಳ ಬರುತ್ತದೆ. ಆತನ ಲೆಕ್ಕ ಸುಲಭ. ಅಂದೋಲಾ, ಜೇವರ್ಗಿ ಸೀಮೆಯ ಎರೆಭೂಮಿಯ ಒಕ್ಕಲಿಗನಿಗೆ ತೊಗರಿಯ ರಾಶಿಯಾಗುವುದು ಡಿಸೆಂಬರ್ ಜನವರಿಯಲ್ಲಿ, ಹಿಂಗಾರಿ ಜೋಳ ಕೈಗೆ ಬರುವುದು ಫೆಬ್ರವರಿ ಮಾರ್ಚಿಯಲ್ಲಿ. ಮುಂಗಾರಿನ ಬೀಜ ಗೊಬ್ಬರಕ್ಕೆ, ಶಾಲೆಯ ಶುಲ್ಕಕ್ಕೆ ಹಣ ಬೇಕಾಗುವುದು ಜೂನಿನಲ್ಲಿ. ಆ ಹೊತ್ತಿಗೆ ಕೈ ಬರಿದಾಗಿರುತ್ತದೆ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತದ್ದು ನಮಗೆಲ್ಲ ಹೆಮ್ಮೆಯ ವಿಷಯವೇ ಸರಿ. ಆದರೆ ನೆಟೆ ರೋಗ ಬಿದ್ದ ವರ್ಷ ಆ ಹೆಮ್ಮೆ ಹೊಟ್ಟೆ ತುಂಬಿಸದು. ಹಾಸಿಗೆ ಇದ್ದಷ್ಟು ಕಾಲು ಚಾಚೆಂದು ಹೇಳುವವರಿಗೆ, ಹಾಸಿಗೆಯ ಅಳತೆಯೇ ವರ್ಷಕ್ಕೊಮ್ಮೆ ಬದಲಾಗುವ ನಾಡಿನ ಅನುಭವವಿರಲಿಕ್ಕಿಲ್ಲ.

ನಮ್ಮ ಹಿರಿಯರು ಈ ಅಪಾಯವನ್ನು ಅರಿತಿದ್ದರು. ಹಗೇವುಗಳಲ್ಲಿ ಜೋಳ ತುಂಬಿ ಮುಚ್ಚಿಡುತ್ತಿದ್ದರು. ಬರ ಬಂದಾಗಲೇ ಬಾಯಿ ತೆಗೆಯುವುದು. ಈಗ ರಾಶಿಯ ಮರುದಿನವೇ, ಬೆಲೆ ಇಳಿದಿರುವಾಗಲೇ ಎಲ್ಲವನ್ನೂ ಮಾರಿ, ಮಳೆಗಾಲದಲ್ಲಿ ಅದೇ ಜೋಳವನ್ನು ಏರಿದ ಬೆಲೆಗೆ ಕೊಳ್ಳುವವರಿದ್ದಾರೆ. ಸಾಲಗಾರ ಕಣದಲ್ಲಿಯೇ ನಿಂತಿರುವಾಗ ಅವರೇನು ಮಾಡಿಯಾರು? ಆದರೂ ಊಟದ ಕಾಳನ್ನೂ ಬೀಜದ ಕಾಳನ್ನೂ ತೆಗೆದಿಟ್ಟ ಮೇಲೆಯೇ ಮಾರಾಟ ಎಂಬ ನಿಯಮವನ್ನು ಎಷ್ಟು ಮನೆಗಳು ಪಾಲಿಸಬಲ್ಲವೋ ಅಷ್ಟು ಮನೆಗಳು ಗುಳೆ ಹೋಗುವುದು ತಪ್ಪೀತು. ಕೂಲಿಯಿಂದ ಬಾಳುವವರಿಗೆ ಈ ಮಾತು ಅನ್ವಯಿಸದು; ಅವರ ವಿಷಯಕ್ಕೆ ಈಗ ಬರುತ್ತೇವೆ.

ಒಂಟಿ ಮನೆಯಿಂದ ಆಗದ ಕೆಲಸವನ್ನು ಹತ್ತು ಮನೆಗಳು ಸೇರಿ ಮಾಡುವುದು ನಮಗೆ ಹೊಸದಲ್ಲ. ಇಂದು ನಿಮ್ಮ ಹೊಲದ ಕಳೆಗೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು ಎಂಬ ಮುಯ್ಯಾಳಿನ ಪದ್ಧತಿಯಲ್ಲಿ ಕೂಲಿಯ ಹಣವೇ ಬೇಕಿರಲಿಲ್ಲ. ಹಣದ ವಿಷಯದಲ್ಲಿ ಇದೇ ತತ್ತ್ವವನ್ನು ನಡೆಸಿ ತೋರಿಸಿದ ಊರೊಂದು ನಮ್ಮ ಕರ್ನಾಟಕದಲ್ಲಿಯೇ ಇದೆ. ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ಸಹಕಾರ ಸಂಘಗಳ ಕಾಯಿದೆ ಬಂದು ಆಗ ಒಂದೇ ವರ್ಷವಾಗಿತ್ತು. ಜರ್ಮನಿಯಲ್ಲಿ ರೈಫೈಸನ್ ಎಂಬ ಗ್ರಾಮಾಧಿಕಾರಿ ಬಡ ರೈತರನ್ನು ಬಡ್ಡಿಯವರಿಂದ ಬಿಡಿಸಲು ಕಟ್ಟಿದ ಸಂಘಗಳ ಮಾದರಿ ಆ ಕಾಯಿದೆಯ ಹಿಂದಿತ್ತು. ಸದಸ್ಯರು ಒಬ್ಬರನ್ನೊಬ್ಬರು ಬಲ್ಲವರಾಗಿರಬೇಕು, ಒಬ್ಬರಿಗೊಬ್ಬರು ಹೊಣೆಯಾಗಬೇಕು ಎಂಬುದೇ ಆ ಮಾದರಿಯ ಜೀವಾಳ. 1891ರ ವಿಶ್ವಪತ್ರದಲ್ಲಿ ಜಗದ್ಗುರು ಹದಿಮೂರನೆಯ ಲಿಯೋ ಅವರು ಅತಿಬಡ್ಡಿಯನ್ನು ಖಂಡಿಸಿ, ದುಡಿಯುವವರ ಪರಸ್ಪರ ಸಹಾಯ ಸಂಘಗಳನ್ನು ಎತ್ತಿಹಿಡಿದಿದ್ದರು. ಮಂಗಳೂರಿನ ಕಥೋಲಿಕರು 1912ರಲ್ಲಿ ತಮ್ಮದೇ ಸಹಕಾರ ಸಂಘವನ್ನು ಆರಂಭಿಸಿದರು. ಅದು ಇಂದು ಬ್ಯಾಂಕಾಗಿ ಬೆಳೆದಿದೆ. ಅದೇ ಕರಾವಳಿಯಲ್ಲಿ ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೇ ಬಂದು ಉಳಿತಾಯದ ಹಣ ಸಂಗ್ರಹಿಸಿದರು. ಎರಡಾಣೆ ಉಳಿಸುವವನನ್ನೂ ಗೌರವದಿಂದ ಕಂಡರು ಎಂಬುದು ನಮಗೆ ಮುಖ್ಯವಾಗಿ ತೋರುತ್ತದೆ.

ನಮ್ಮ ಕಾಲಕ್ಕೆ ಬಂದರೆ, 1980ರ ದಶಕದಲ್ಲಿ ಮೈರಾಡ ಸಂಸ್ಥೆಯವರು ಕರ್ನಾಟಕದ ಹಳ್ಳಿಗಳಲ್ಲಿ ಬೆಳೆಸಿದ ಸ್ವಸಹಾಯ ಗುಂಪುಗಳನ್ನು ನೆನೆಯಬೇಕು. 1992ರಲ್ಲಿ ನಬಾರ್ಡ್ ಅಂಥ ಗುಂಪುಗಳಿಗೆ ಬ್ಯಾಂಕುಗಳ ಸಾಲ ದೊರೆಯುವಂತೆ ಮಾಡಿತು. ಹದಿನೈದು ಜನ ತಾಯಂದಿರು ವಾರಕ್ಕೆ 20 ರೂಪಾಯಿ ಹಾಕಿದರೆ ವರ್ಷಕ್ಕೆ 15,600 ರೂಪಾಯಿ ಕೂಡುತ್ತದೆ. ಕೂಲಿಯವರ ಮನೆಯಲ್ಲಿ ಮಗುವಿಗೆ ಜ್ವರ ಬಂದ ರಾತ್ರಿ ಸಾವುಕಾರರ ಬಾಗಿಲು ಬಡಿಯದಿರಲು ಆ ಮೊತ್ತ ಸಾಕು. ಸರ್ಕಾರವು 2023ರಿಂದ ಮನೆಯ ಯಜಮಾನಿಗೆ ಕೊಡುತ್ತ ಬಂದ 2,000 ರೂಪಾಯಿಯಲ್ಲಿ ಈ ವಾರದ ಕಂತನ್ನು ಸುಲಭವಾಗಿ ತೆಗೆದಿಡಬಹುದು.

ಆದರೆ ಗುಂಪೆಂದ ಮಾತ್ರಕ್ಕೆ ಎಲ್ಲವೂ ಪರಸ್ಪರ ನೆರವಲ್ಲ. ಹೆಂಗಸರನ್ನು ಗುಂಪುಗೂಡಿಸಿ ಸಾಲ ಹಂಚುವ ಮೈಕ್ರೋ ಫೈನಾನ್ಸಿನವರೂ ಇದ್ದಾರೆ. ಒಂದರ ಕಂತು ತೀರಿಸಲು ಇನ್ನೊಂದು, ಅದಕ್ಕೆ ಮತ್ತೊಂದು ಸಾಲವೆಂದು ಸಿಕ್ಕಿಕೊಂಡು, ವಸೂಲಿಯ ಕಾಟಕ್ಕೆ ಊರು ಬಿಟ್ಟವರ, ಪ್ರಾಣ ಕಳೆದುಕೊಂಡವರ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿಯನ್ನು ತಡೆಯಲು ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಹಣ ಯಾರದು, ಬಡ್ಡಿ ಯಾರಿಗೆ ಸೇರುತ್ತದೆ ಎಂಬ ಎರಡು ಪ್ರಶ್ನೆ ಕೇಳಿದರೆ ವ್ಯತ್ಯಾಸ ತಿಳಿಯುತ್ತದೆ. ಸ್ವಸಹಾಯ ಗುಂಪಿನ ಉಳಿತಾಯದಿಂದ ಕೊಟ್ಟ ಸಾಲದ ಬಡ್ಡಿ ಮರಳಿ ಆ ಗುಂಪಿಗೇ ಬರುತ್ತದೆ.

ನೆರವಿನ ಹೆಸರಿನಲ್ಲಿ ಮಾನ ಕಳೆಯುವುದೂ ಬೇಡ. ಕಂತು ತಪ್ಪಿದವರ ಹೆಸರನ್ನು ಪೂಜೆಯ ನಂತರ ಓದಿ ಹೇಳಬೇಕೆಂದು ಹಿಂದೆ ಒಬ್ಬರು ನಮಗೆ ಸಲಹೆ ಕೊಟ್ಟಿದ್ದರು. ನಾವು ಒಪ್ಪಲಿಲ್ಲ, ಇನ್ನು ಮುಂದೆಯೂ ಒಪ್ಪುವುದಿಲ್ಲ. ಕಂತು ತಪ್ಪಿದ ಮನೆಗೆ ಇಬ್ಬರು ಸಂಜೆ ಹೊತ್ತು ಹೋಗಿ, ಒಲೆ ಹತ್ತಿದೆಯೇ ಎಂದು ಮೊದಲು ನೋಡಿ, ಆಮೇಲೆ ಕಾರಣ ಕೇಳಲಿ.

ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕಾಗಿದೆ. ಆ ಉದ್ರಿ ಪುಸ್ತಕದ ತಾಯಿಯ ಪ್ರಶ್ನೆಯಿಂದ ಪಾಠ ಕಲಿತು ಅದೇ ಊರಿನಲ್ಲಿ ಒಂದು ಉಳಿತಾಯ ಸಂಘ ಮಾಡಿಸಿದೆವು. ಜನರ ನಂಬಿಕೆಗಾಗಿ ಪೆಟ್ಟಿಗೆಯನ್ನೂ ಕೀಲಿಕೈಯನ್ನೂ ಲೆಕ್ಕದ ಪುಸ್ತಕವನ್ನೂ ನಾವೇ ಇಟ್ಟುಕೊಂಡೆವು. ಮೂರು ವರ್ಷ ಚೆನ್ನಾಗಿ ನಡೆಯಿತು. ನಮಗೆ ವರ್ಗವಾಯಿತು, ಆರು ತಿಂಗಳಲ್ಲಿ ಸಂಘ ನಿಂತಿತು. ಲೆಕ್ಕ ಬರೆಯಲು ಅಲ್ಲಿ ಯಾರಿಗೂ ನಾವು ಕಲಿಸಿರಲಿಲ್ಲ.

ಆದ್ದರಿಂದ ಈ ಉತ್ಸವದ ವಿಷಯವಾಗಿ ಪಾಲನಾ ಸಮಿತಿಯವರೊಡನೆ ಚರ್ಚಿಸಿ ಗೊತ್ತುಮಾಡಿದ್ದನ್ನು ತಿಳಿಸುತ್ತೇವೆ. ಹಬ್ಬದ ದಿನ ಎಲ್ಲರಿಗೂ ದೇವಾಲಯದ ಅಂಗಳದಲ್ಲಿ ಒಂದೇ ಊಟ: ಜೋಳದ ರೊಟ್ಟಿ, ಪಲ್ಯ, ತೊಗರಿ ಬೇಳೆ ಸಾರು, ಹುಗ್ಗಿ. ನೆಂಟರನ್ನೂ ಅಲ್ಲಿಗೇ ಕರೆತನ್ನಿರಿ; ಮನೆಯಲ್ಲಿ ಬೇರೆ ಔತಣ ಬೇಡ. ಹೊಸ ಬಟ್ಟೆ ಯಾರಿಗೂ ಕಡ್ಡಾಯವಲ್ಲ. ನಾವು ಸಹ ಹಳೆಯ ನಿಲುವಂಗಿಯಲ್ಲಿಯೇ ಇರುತ್ತೇವೆ. ದೀಪಾಲಂಕಾರ ಮೂರು ದಿನದ ಬದಲು ಒಂದೇ ರಾತ್ರಿ. ಅದರಿಂದ ಉಳಿಯುವ ಹಣವನ್ನು ಹೊಸ ಪರಸ್ಪರ ನೆರವಿನ ಪೆಟ್ಟಿಗೆಗೆ ಮೊದಲ ಕಾಣಿಕೆಯಾಗಿ ಹಾಕಲಾಗುವುದು. ಲೆಕ್ಕ ಬರೆಯುವುದನ್ನು ಕಲಿಯಬಯಸುವವರು ಬರುವ ಭಾನುವಾರ ಪೂಜೆಯ ನಂತರ ಶಾಲೆಯ ಕೋಣೆಯಲ್ಲಿ ಉಳಿಯಿರಿ. ಗಂಡ ಹೆಂಡತಿ ಇಬ್ಬರೂ ಬಂದರೆ ಒಳ್ಳೆಯದು. ಪೆಟ್ಟಿಗೆಗೆ ಮೂರು ಬೀಗ ಹಾಕಿಸಿದ್ದೇವೆ. ಮೂರು ಕೀಲಿಕೈಗಳೂ ಮೂರು ಓಣಿಯ ಮೂವರು ತಾಯಂದಿರ ಬಳಿ ಇರುತ್ತವೆ. ಗುರುಗಳ ಮನೆಯಲ್ಲಿ ಒಂದೂ ಇರುವುದಿಲ್ಲ.