ಮೊದಲು ಕೊಳಗ
(ಸಂಸೆಯ ತೋಟಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಸಭೆಗೆ ಮೊದಲು ಒಬ್ಬ ಗೆಳೆಯರು ಕೇಳಿದರು: ತೋಟದ ಕೂಲಿಯವನಿಗೆ ಸ್ವಂತ ಮನೆ, ಒಂದು ತುಂಡು ಭೂಮಿ ಯಾವಾಗ? ಅದೇ ನಮ್ಮ ಗುರಿ, ಅದರಲ್ಲಿ ರಾಜಿಯಿಲ್ಲ. ಆದರೆ ನಾಳೆ ಬೆಳಿಗ್ಗೆ ಮಾಡಬೇಕಾದ್ದೇನು ಎಂಬುದನ್ನು ಆ ಗುರಿ ಹೇಳಿಕೊಡುವುದಿಲ್ಲ.

ಸಾಗರದ ಬಳಿಯ ಕಾಗೋಡಿನಲ್ಲಿ 1951ರ ಏಪ್ರಿಲ್‌ನಲ್ಲಿ ಗೇಣಿದಾರರು ಎದ್ದು ನಿಂತದ್ದು ಯಾತಕ್ಕೆ? ಒಂದು ಕೊಳಗಕ್ಕೆ. ಗೇಣಿ ಭತ್ತ ಅಳೆಯುವಾಗ ಒಡೆಯರ ಕೊಳಗ ಹಿಗ್ಗುತ್ತಿತ್ತು. ಅಳತೆ ಸರಿಯಾಗಲಿ ಎಂದರು. ಗಣಪತಿಯಪ್ಪನವರು ರೈತರನ್ನು ಕೂಡಿಸಿದ್ದರು. ಶಾಂತವೇರಿ ಗೋಪಾಲಗೌಡರೂ ಸಮಾಜವಾದಿ ಪಕ್ಷವೂ ಜೊತೆಗೂಡಿದರು. ಜೂನ್‌ನಲ್ಲಿ ಲೋಹಿಯಾ ಬಂದು ಬಂಧಿತರಾದರು. ಹೋರಾಟ ಅಲ್ಲಿಗೇ ಗೆದ್ದಿತೆಂದು ನಾವು ಹೇಳಲಾರೆವು. ಆದರೆ ಕೊಳಗದ ಲೆಕ್ಕ ಕೇಳಲು ಕಲಿತವನು ಗದ್ದೆಯ ಲೆಕ್ಕ ಕೇಳದೆ ಬಿಟ್ಟಾನೆಯೇ? 1952ರಲ್ಲಿ ಗೋಪಾಲಗೌಡರು ವಿಧಾನಸಭೆಗೆ ಹೋದರು. ದೇವರಾಜ ಅರಸರ ಕಾಲದ ಭೂಸುಧಾರಣೆ ತಿದ್ದುಪಡಿ ಜಾರಿಯಾದದ್ದು 1974ರ ಮಾರ್ಚ್ 1ರಂದು. ಇಪ್ಪತ್ತಮೂರು ವರ್ಷ! 1972ರಲ್ಲೇ ತೀರಿಕೊಂಡ ಗೋಪಾಲಗೌಡರು ಅದನ್ನು ನೋಡಲಿಲ್ಲ.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಆ ಕಾನೂನು ಕಾಫಿ, ಟೀ ತೋಟಗಳನ್ನು ಹೊರಗಿಟ್ಟಿತು. ಕಾಗೋಡಿನ ಹಾಗೆ ನಿಮಗೂ ಭೂಮಿ ಬಂದೇ ಬಿಡುತ್ತದೆಂದು ಚಪ್ಪಾಳೆ ಗಿಟ್ಟಿಸಿದರೆ ಅದು ಮೋಸ.

ಹಾಗಾದರೆ ಇಲ್ಲಿಯ ಕೊಳಗ ಯಾವುದು? ಟೀ ಸೊಪ್ಪಿನ ತೂಕ. ಮಳೆಯಲ್ಲಿ ನೆನೆದು ಸೊಪ್ಪು ಹೊತ್ತು ತಂದ ಹೆಣ್ಣುಮಗಳು ದೂರ ನಿಂತಿರುತ್ತಾಳೆ. ತೂಕ ನೋಡುವವನು ಬೇರೆ, ಬರೆಯುವವನು ಬೇರೆ. ನೀರಿಗೆಂದು ಇಷ್ಟು, ಚೀಲಕ್ಕೆಂದು ಇಷ್ಟು ಕಳೆದರೆ ಉಳಿದದ್ದೆಷ್ಟು? ಕಾಫಿ ಕುಯ್ಲಿನಲ್ಲೂ ಇದೇ ಪಾಡು. ಇಷ್ಟು ಸಣ್ಣದಕ್ಕೆ ಸಭೆಯೇ ಎಂದು ಪೇಟೆಯ ಗಿರಣಿಯ ಗೆಳೆಯರು ನಗಬಹುದು. ದಿನಕ್ಕೆ ಎರಡು ಕಿಲೋ ತಪ್ಪಿದರೆ ಇಪ್ಪತ್ತೈದು ದಿನಕ್ಕೆ ಐವತ್ತು ಕಿಲೋ. ನಗುವವರು ಲೆಕ್ಕ ಹಾಕಲಿ.

ಅಂಗಡಿಯವನ ತಕ್ಕಡಿಗೆ ಸರ್ಕಾರದ ಮುದ್ರೆ ಇಲ್ಲದಿದ್ದರೆ ದಂಡ ಬೀಳುತ್ತದೆ. ಇದು ವ್ಯಾಪಾರಿ ಮಿತ್ರರಿಗೆ ಚೆನ್ನಾಗಿ ಗೊತ್ತು. 2009ರ ತೂಕ-ಅಳತೆ ಕಾಯಿದೆ ಕೂಲಿ ಲೆಕ್ಕ ಹಾಕುವ ತೂಕವನ್ನೂ ವ್ಯವಹಾರವೆಂದೇ ಎಣಿಸುತ್ತದೆ. ಆದ್ದರಿಂದ ನಾವು ಕೇಳುವುದು ದಯೆಯಲ್ಲ.

ಬರುವ ಕುಯ್ಲಿನೊಳಗೆ ಮುದ್ರೆ ಬಿದ್ದ ತಕ್ಕಡಿ ಬರಬೇಕು, ತೂಕ ಕೆಲಸದವಳ ಕಣ್ಣಿಗೆ ಕಾಣಬೇಕು, ಚೀಟಿ ಅಲ್ಲೇ ಕೈಗೆ ಸಿಗಬೇಕು. ನಿವೇಶನದ ಅರ್ಜಿಯನ್ನು ಬಿಡಬೇಕಾಗಿಲ್ಲ, ಅದು ತನ್ನ ದಾರಿಯಲ್ಲಿ ನಡೆಯಲಿ. ಬರೆಯಬಲ್ಲ ಹುಡುಗಿಯರು ನಾಳೆಯಿಂದಲೇ ತಮ್ಮ ಸಾಲಿನವರ ತೂಕವನ್ನು ಪುಸ್ತಕದಲ್ಲಿ ಬರೆದಿಡಲಿ. ಸಂಬಳದ ದಿನ ಸಂಜೆ ಆ ಪುಸ್ತಕ ಹಿಡಿದು ಇಲ್ಲೇ ಸೇರೋಣ.